ಐಪಿ ವಿಳಾಸದ ನಿಯಮ ಬದಲಾಗಬೇಕೇ? ಸಣ್ಣ ಇಂಟರ್ನೆಟ್ ಆಪರೇಟರ್‌ಗಳು ಒಮ್ಮತ ಕಟ್ಟುವ ದಾರಿ

ಗಂಗಾವತಿಯ ಒಂದು ರೈಸ್ ಮಿಲ್. ಸಾಹುಕಾರರು ಮಗಳ ಮನೆಗೆಂದು ಹುಬ್ಬಳ್ಳಿಗೆ ಹೋಗಿದ್ದರು. ಅಲ್ಲಿಂದ ಫೋನಿನಲ್ಲಿ ಮಿಲ್ಲಿನ ಕ್ಯಾಮೆರಾ ನೋಡಬೇಕು, ಚಿತ್ರ ಬರುತ್ತಿಲ್ಲ. ನನಗೆ ಫೋನ್ ಬಂತು: "ಮಿಲ್ಲಿನಾಗ ಕುಂತ್ರ ಬರ್ತೈತಿ, ಊರು ಬಿಟ್ರ ಬರಂಗಿಲ್ಲ. ಏನ್ರೀ ನಿಮ್ಮ ನೆಟ್ಟು?"

ನೆಟ್ ಸರಿಯಾಗಿಯೇ ಇತ್ತು. ಕ್ಯಾಮೆರಾದ ಚಿತ್ರ ದಾಖಲಿಸುವ ಅವರ ಹಳೇ ಡಿವಿಆರ್‌ಗೆ ತನ್ನದೇ ಅಂತ ಒಂದು ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ಅದನ್ನು ಗುರುತಿಸುವ ನಂಬರ್, ಇರಲಿಲ್ಲ, ಅಷ್ಟೆ. ಸುಮಾರು 40 ಮನೆ, ಅಂಗಡಿಗಳ ಜೊತೆ ಒಂದೇ ವಿಳಾಸವನ್ನು ಹಂಚಿಕೊಂಡಿತ್ತು. ಒಳಗಿನಿಂದ ಹೊರಗೆ ಹೋಗೋದು ಸಲೀಸು. ಹೊರಗಿನಿಂದ ಬಂದವನು 40 ಬಾಗಿಲಲ್ಲಿ ಯಾವುದನ್ನು ತಟ್ಟಬೇಕು? "ರೊಕ್ಕ ಕೊಡ್ತೀನಿ, ನನಗ ಬ್ಯಾರೆ ನಂಬರ್ ಹಾಕಿ ಕೊಡ್ರಿ" ಅಂದರು. ಅವರಿಗೆ ಒಂದು ಹೇಗೋ ಹೊಂದಿಸಿ ಕೊಟ್ಟೆ. ಅದೇ ವಾರ ಇನ್ನೂ ಮೂರು ಮಿಲ್ಲಿನವರು ಕೇಳಿದರು. ಎಲ್ಲರಿಗೂ ಕೊಡುವಷ್ಟು ನನ್ನ ಹತ್ತಿರ ಇಲ್ಲ.

ಕೇಬಲ್ ಟಿವಿಯಿಂದ ಬ್ರಾಡ್‌ಬ್ಯಾಂಡಿಗೆ ಬಂದ ನಮ್ಮಂಥ ಆಪರೇಟರ್‌ಗಳಿಗೆ ಇದು ದಿನದ ತಲೆನೋವು. ಇದಕ್ಕೆ ಒಂದು ನಿಯಮ ಇದೆ. ಆ ನಿಯಮವನ್ನು ಮಾಡುವ ಜಾಗವೂ ಇದೆ, ಅಲ್ಲಿ ನಮಗೂ ಮಾತಾಡುವ ಹಕ್ಕಿದೆ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಎಷ್ಟೋ ಆಪರೇಟರ್‌ಗಳಿಗೆ ಇದು ಗೊತ್ತೇ ಇಲ್ಲ. ಹಾಗಾಗಿ ಹಂತಹಂತವಾಗಿ ಬರೆಯುತ್ತಿದ್ದೇನೆ.

ಮೊದಲು: ನಿಯಮ ಯಾರದ್ದು ಅಂತ ತಿಳಿಯಿರಿ

ಹಳೇ ಮಾದರಿಯ ವಿಳಾಸ, ಅಂದರೆ ಐಪಿವಿ4, ಒಟ್ಟು ಇರೋದೇ ಸುಮಾರು 429 ಕೋಟಿ. ಇಡೀ ಪ್ರಪಂಚಕ್ಕೆ ಅಷ್ಟೇ. ಅದನ್ನು ಹಂಚಲು ಐದು ವಲಯ ಸಂಸ್ಥೆಗಳಿವೆ. ನಮ್ಮ ಏಷ್ಯಾ-ಪೆಸಿಫಿಕ್ ವಲಯಕ್ಕೆ ಎಪಿನಿಕ್. ಶುರುವಾದದ್ದು 1993ರಲ್ಲಿ, ಈಗ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿದೆ. ಕೇಂದ್ರ ದಾಸ್ತಾನಿನ ಕೊನೆಯ ಪಾಲು ಈ ಐದೂ ವಲಯಗಳಿಗೆ ಹಂಚಿಹೋದದ್ದು 2011ರ ಫೆಬ್ರವರಿಯಲ್ಲಿ. ಅದೇ ವರ್ಷ ಏಪ್ರಿಲ್‌ನಲ್ಲಿ ಎಪಿನಿಕ್ ತನ್ನ ಕೊನೆಯ ದೊಡ್ಡ ಕಣಜಕ್ಕೆ ಕೈ ಹಾಕಿತು. ಐದು ವಲಯಗಳಲ್ಲಿ ಮೊದಲು ಆ ಸ್ಥಿತಿಗೆ ಬಂದದ್ದು ನಮ್ಮದೇ. 103ರಿಂದ ಶುರುವಾಗುವ ವಿಳಾಸಗಳಿವೆಯಲ್ಲ, ಅದೇ ಆ ಕಣಜ. ಒಟ್ಟು ಸುಮಾರು 1 ಕೋಟಿ 67 ಲಕ್ಷ. ಅದರಿಂದ ಒಬ್ಬ ಸದಸ್ಯನಿಗೆ ಹೆಚ್ಚೆಂದರೆ 1,024 ಎಂದು ಮಿತಿ ಹಾಕಿದರು. 2019ರಲ್ಲಿ ಅದನ್ನು 512ಕ್ಕೆ ಇಳಿಸಿದರು.

ಭಾರತದಲ್ಲಿ ಈ ಕೆಲಸ ಮಾಡೋದು ಐರಿನ್. ಅದು ನಿಕ್ಸಿ ಎಂಬ, ಲಾಭಕ್ಕಾಗಿ ನಡೆಯದ ಕಂಪನಿಯ ಒಂದು ವಿಭಾಗ, 2012ರಿಂದ ಇದೆ. ನೀವು ಐರಿನ್ ಸದಸ್ಯರಾಗಬಹುದು, ನೇರವಾಗಿ ಎಪಿನಿಕ್ ಸದಸ್ಯರೂ ಆಗಬಹುದು. ಎರಡರಲ್ಲಿ ಎಲ್ಲೇ ಇದ್ದರೂ ಹಂಚಿಕೆಯ ಮೂಲ ನಿಯಮ ಎಪಿನಿಕ್ ವಲಯದ್ದೇ.

ಇಲ್ಲಿ ಒಂದು ಮುಖ್ಯ ವಿಷಯ. ಈ ನಿಯಮ ಬರೆಯೋದು ಬ್ರಿಸ್ಬೇನ್‌ನ ಸಿಬ್ಬಂದಿ ಅಲ್ಲ, ಸರ್ಕಾರವೂ ಅಲ್ಲ. ವಿಳಾಸ ಬಳಸುವ ಜನರೇ ಪ್ರಸ್ತಾವ ಇಡುತ್ತಾರೆ, ಚರ್ಚಿಸುತ್ತಾರೆ, ಒಮ್ಮತಕ್ಕೆ ಬರುತ್ತಾರೆ. ಪ್ರಸ್ತಾವ ಇಡಲು ಸದಸ್ಯತ್ವ ಕೂಡ ಬೇಕಿಲ್ಲ. ಸಿಂಧನೂರಿನಲ್ಲಿ 800 ಮನೆಗೆ ನೆಟ್ ಕೊಡುವವನೂ ಇಡಬಹುದು.

ತಕರಾರು ಯಾವ ಬಾಗಿಲಿಗೆ ಸೇರಿದ್ದು?

ಹೆಚ್ಚಿನವರು ಎಡವೋದು ಇಲ್ಲೇ. ನಾಲ್ಕು ಆಪರೇಟರ್‌ಗಳು ಕೂತರೆ ಎಲ್ಲ ಸಿಟ್ಟೂ ಒಟ್ಟಿಗೆ ಬರುತ್ತದೆ. ಲೈಸೆನ್ಸ್, ಕಂಬದ ಬಾಡಿಗೆ, ಲಾಗ್ (ಬಳಕೆಯ ದಾಖಲೆ) ಇಡುವ ಕಾಟ, ವಿಳಾಸದ ಕೊರತೆ, ಸದಸ್ಯತ್ವ ಶುಲ್ಕ. ಇವನ್ನೆಲ್ಲ ಒಂದೇ ಅರ್ಜಿಯಲ್ಲಿ ಬರೆದರೆ ಯಾವ ಬಾಗಿಲಲ್ಲೂ ಕೆಲಸ ಆಗಲ್ಲ.

ಗ್ರಾಹಕರ ಬಳಕೆಯ ದಾಖಲೆಯನ್ನು ಎರಡು ವರ್ಷ ಇಡಬೇಕು ಅನ್ನೋದು ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಷರತ್ತು. ಅದನ್ನು ಎಪಿನಿಕ್ ಮುಂದೆ ಹೇಳಿ ಪ್ರಯೋಜನ ಇಲ್ಲ. ಶುಲ್ಕ ಜಾಸ್ತಿ ಅನ್ನೋದು ಆಯಾ ಸಂಸ್ಥೆಯ ಆಡಳಿತ ಮಂಡಳಿಗೆ ಸೇರಿದ ಮಾತು, ನೀತಿಯ ಪ್ರಸ್ತಾವದಲ್ಲಿ ಬರಲ್ಲ. ಕಂಬದ ಬಾಡಿಗೆ ಊರಿನ ವಿಷಯ. ವಿಳಾಸ ಯಾರಿಗೆ ಸಿಗಬೇಕು, ಎಷ್ಟು ಸಿಗಬೇಕು, ಇನ್ನೊಬ್ಬರಿಗೆ ವರ್ಗಾಯಿಸಬಹುದಾ, ನೋಂದಣಿ ಪುಸ್ತಕದಲ್ಲಿ ಏನು ಬರೆದಿರಬೇಕು, ಇವು ಮಾತ್ರ ವಿಳಾಸ ನೀತಿ.

ಒಂದು ಹಾಳೆಯಲ್ಲಿ ನಿಮ್ಮ ಎಲ್ಲ ತಕರಾರು ಬರೆದು, ಪ್ರತಿಯೊಂದರ ಮುಂದೆ ಅದು ಸೇರುವ ಬಾಗಿಲಿನ ಹೆಸರು ಹಾಕಿ. ಕೊನೆಗೆ ನೀತಿಗೆ ಸೇರಿದ್ದು ಒಂದೋ ಎರಡೋ ಉಳಿಯುತ್ತದೆ. ಅಷ್ಟು ಸಾಕು.

ಇನ್ನೊಂದು ಮಾತು, ಇದು ನನ್ನ ಅಭಿಪ್ರಾಯ. "ನಮಗೆ ಇನ್ನಷ್ಟು ವಿಳಾಸ ಕೊಡಿ" ಅಂತ ಹೋಗಬೇಡಿ. 512ರ ಮಿತಿಯನ್ನು 768ಕ್ಕೆ ಏರಿಸಬೇಕು ಎಂಬ ಪ್ರಸ್ತಾವ ಈಗಾಗಲೇ ಬಂದು ಹೋಗಿದೆ. ಒಮ್ಮತ ಸಿಗಲಿಲ್ಲ. ಇರೋದನ್ನು ಈಗಲೇ ಜಾಸ್ತಿ ಹಂಚಿದರೆ ಮುಂದೆ ಬರುವ ಹೊಸಬನಿಗೆ ಕಣಜ ಖಾಲಿ. ಈ ವಾದವನ್ನು ತಳ್ಳಿಹಾಕಲು ನನಗೂ ಮನಸ್ಸು ಒಪ್ಪಲ್ಲ, ಯಾಕಂದರೆ ನಾನೂ ಒಂದು ಕಾಲಕ್ಕೆ ಹೊಸಬನೇ. ಜಾಸ್ತಿ ವಿಳಾಸ ಬೇಕಿದ್ದವರು ಐಪಿವಿ6, ಅಂದರೆ ಹೊಸ ಮಾದರಿಯ ವಿಳಾಸದ ಕಡೆ ಗಂಭೀರವಾಗಿ ಹೋಗಬೇಕು. ನೀತಿಯಲ್ಲಿ ಕೇಳಬೇಕಾದ್ದು ಬೇರೆ.

ಸಾಕ್ಷಿ ನಿಮ್ಮ ಅಂಗಡಿಯಲ್ಲೇ ಇದೆ

ನಮ್ಮ ಉದಾಹರಣೆಯನ್ನೇ ಹೇಳುತ್ತೇನೆ. ಒಂದು ದಿನ ಠಾಣೆಯಿಂದ ಪತ್ರ ಬಂತು. ಒಂದು ಐಪಿ ವಿಳಾಸ, ಒಂದು ತಾರೀಕು, ಒಂದು ಸಮಯ. "ಈ ಸಮಯದಲ್ಲಿ ಈ ವಿಳಾಸ ಬಳಸಿದವರ ಹೆಸರು ಕೊಡಿ." ಆ ವಿಳಾಸದ ಹಿಂದೆ ಆ ಹೊತ್ತಿನಲ್ಲಿ 40ಕ್ಕೂ ಹೆಚ್ಚು ಮನೆ ಇದ್ದವು. ಪೋರ್ಟ್ ನಂಬರ್, ಅಂದರೆ ಒಂದೇ ವಿಳಾಸ ಹಂಚಿಕೊಂಡವರನ್ನು ಬೇರೆಬೇರೆಯಾಗಿ ಗುರುತಿಸುವ ಒಳನಂಬರ್, ಇದ್ದರೆ ಒಂದೇ ಮನೆ ಹೇಳಬಹುದಿತ್ತು. ಪತ್ರದಲ್ಲಿ ಅದು ಇರಲಿಲ್ಲ. ಸಮಯ ನಮ್ಮ ಭಾರತದ್ದೋ, ಐದೂವರೆ ತಾಸು ಹಿಂದಿನ ಜಾಗತಿಕ ಸಮಯವೋ, ಅದೂ ಬರೆದಿರಲಿಲ್ಲ. ನಾವು 40 ಹೆಸರು ಕೊಟ್ಟರೆ 39 ಜನ ಸುಮ್ನೆ ಠಾಣೆ ಮೆಟ್ಟಿಲು ಹತ್ತಬೇಕು. ಆ ಪಟ್ಟಿಯಲ್ಲಿ ಒಬ್ಬ ಶಾಲಾ ಮೇಷ್ಟ್ರು, ಒಬ್ಬ ಕಿರಾಣಿ ಅಂಗಡಿಯ ಅಜ್ಜ ಇದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದರ ಜೊತೆ ಬ್ಲಾಕ್‌ಲಿಸ್ಟ್ ಕಾಟ. ಒಂದು ಮನೆಯ ಕಂಪ್ಯೂಟರಿಗೆ ವೈರಸ್ ಹತ್ತಿ ಅದು ಕಸದ ಮೇಲ್ ಕಳಿಸುತ್ತದೆ, ಯಾವುದೋ ದೇಶದ ಸೈಟು ಆ ವಿಳಾಸವನ್ನೇ ಮುಚ್ಚುತ್ತದೆ. ಅದೇ ವಿಳಾಸದ ಹಿಂದಿರುವ ನೆಟ್ ಸೆಂಟರಿನಲ್ಲಿ ಅರ್ಜಿ ತುಂಬಲು ಕೂತ ಹುಡುಗಿಗೆ ಪುಟ ತೆರೆಯಲ್ಲ.

ಎರಡರ ಬೇರೂ ಒಂದೇ. ಈ ವಿಳಾಸ ಹಲವರು ಹಂಚಿಕೊಂಡದ್ದು ಅಂತ ಹೊರಗಿನವರಿಗೆ ಗೊತ್ತಾಗುವ ದಾರಿ ಇಲ್ಲ. ಹಾಗಾಗಿ ನಾವು ಕೇಳಬೇಕೆಂದಿರೋದು ಇಷ್ಟೇ: ಸಾರ್ವಜನಿಕ ನೋಂದಣಿ ಪುಸ್ತಕದಲ್ಲಿ, ಅಂದರೆ ಹೂಈಸ್‌ನಲ್ಲಿ, ವಿಳಾಸದ ಗುಂಪಿನ ಮುಂದೆ "ಇದು ಹಂಚಿಕೆಯದು, ಪೋರ್ಟ್ ನಂಬರ್ ಇಲ್ಲದೆ ಬಳಕೆದಾರ ಸಿಗುವುದಿಲ್ಲ" ಅಂತ ಒಂದೇ ರೀತಿಯಲ್ಲಿ ಗುರುತು ಹಾಕಲು ಅವಕಾಶ ಇರಬೇಕು. ಒಂದೂ ಹೊಸ ವಿಳಾಸ ಖರ್ಚಾಗಲ್ಲ.

ಬೇಡಿಕೆ ಯಾವುದೇ ಇರಲಿ, ಮೂರು ತಿಂಗಳ ದಾಖಲೆ ಕೂಡಿಸಿ. ದೂರು ಬರೆಯುವ ಪುಸ್ತಕದಲ್ಲಿ ಒಂದು ಖಾನೆ ಹೆಚ್ಚಿಗೆ ಮಾಡಿ. ಕ್ಯಾಮೆರಾ ಕಾಣದ ದೂರು ಎಷ್ಟು, ಸೈಟು ಮುಚ್ಚಿದ ದೂರು ಎಷ್ಟು, ಪೋರ್ಟ್ ಇಲ್ಲದೆ ಬಂದ ಪತ್ರ ಎಷ್ಟು. ಒಂದು ವಿಳಾಸದ ಹಿಂದೆ ಎಷ್ಟು ಮನೆ ಅನ್ನೋದನ್ನೂ ಬರೆದಿಡಿ. ಒಂದು ವಿಳಾಸಕ್ಕೆ 65,536 ಪೋರ್ಟ್. ಮನೆಗೆ ಸಾವಿರದಷ್ಟು ಪೋರ್ಟ್ ಕೊಟ್ಟರೆ 60ರ ಆಸುಪಾಸು ಮನೆಗೆ ಅದು ಮುಗಿಯುತ್ತದೆ. ಈ ಲೆಕ್ಕ ನಿಮ್ಮ ಬಾಯಲ್ಲಿರಬೇಕು. ಗ್ರಾಹಕರ ಹೆಸರು, ಫೋನ್ ನಂಬರ್ ಮಾತ್ರ ಆ ಲೆಕ್ಕದಲ್ಲಿ ಎಲ್ಲೂ ಬರಬಾರದು.

ಊರಿನ ಕೂಟ ಮೊದಲು

ದೂರದ ಸಭೆಗೆ ಹೋಗುವ ಮುಂಚೆ ಇಲ್ಲೇ ಕೂರಬೇಕು. ನಾವು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆಯ ಒಂಬತ್ತು ಆಪರೇಟರ್‌ಗಳು ಒಂದು ಭಾನುವಾರ ಮಧ್ಯಾಹ್ನ ಖಾನಾವಳಿಯ ಮೇಲಿನ ಕೋಣೆಯಲ್ಲಿ ಸೇರಿದೆವು. ಊಟ ಮುಗಿಯುವ ಹೊತ್ತಿಗೇ ಜಗಳ. 2019ಕ್ಕೆ ಮುಂಚೆ ಬಂದವನ ಹತ್ತಿರ 1,024 ವಿಳಾಸ ಇದೆ. ಆಮೇಲೆ ಬಂದವನ ಹತ್ತಿರ 512. ಸ್ವಂತ ವಿಳಾಸವೇ ಇಲ್ಲದೆ ದೊಡ್ಡ ಕಂಪನಿಯ ಫ್ರಾಂಚೈಸಿ ಮಾಡುವವನ ಹತ್ತಿರ ಸೊನ್ನೆ.

ಮಾನ್ವಿಯಿಂದ ಬಂದಿದ್ದ ಹಿರಿಯರು ತಟ್ಟೆ ಸರಿಸಿ, "ಇದು ನಮ್ಮ ಎಡದಂಡೆ ಕಾಲುವೆ ಇದ್ದಂಗ ಐತಿ ನೋಡ್ರಿ. ಮ್ಯಾಲಿನವರಿಗೆ ನೀರು ನಿಂತೈತಿ, ಕೊನೆ ಭಾಗದಾಗ ನಾವು ಕಾಯ್ಕೊಂತ ಕುಂತೀವಿ" ಅಂದರು. ಎಲ್ಲರಿಗೂ ಅದು ಒಂದೇ ಏಟಿಗೆ ಅರ್ಥವಾಯಿತು. ತುಂಗಭದ್ರೆಯ ನೀರಾವರಿ ಸಲಹಾ ಸಮಿತಿ ಸಭೆ ಅಂದರೆ ಏನು ಅಂತ ಈ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮೇಲ್ಭಾಗದ ರೈತ ನಿಮ್ಮ ವೈರಿ ಅಲ್ಲ, ಅವನ ಗದ್ದೆ ಒಣಗಿಸಿ ನಿಮ್ಮದು ನೆನೆಸೋಕೆ ಆಗಲ್ಲ. ಅವನೂ ಹೂಂ ಅನ್ನುವ ಸರದಿ ಬೇಕು.

ಕೂಟ ನಡೆಸುವಾಗ ನಾವು ಒಂದು ಕ್ರಮ ಇಟ್ಟುಕೊಂಡೆವು. ಕೈ ಎತ್ತಿಸಲಿಲ್ಲ. ಬದಲಿಗೆ ಒಬ್ಬೊಬ್ಬರನ್ನೇ ಕೇಳಿದೆವು: "ಈ ನಿಯಮ ಬಂದರೆ ನಿನಗೆ ಏನು ತೊಂದರೆ?" ಯಾರು ಒಪ್ಪುತ್ತಾರೆ ಅನ್ನೋದಕ್ಕಿಂತ ಯಾರಿಗೆ ಎಲ್ಲಿ ನೋಯುತ್ತದೆ ಅನ್ನೋದು ಬೇಕಿತ್ತು. 1,024 ಇದ್ದವನು ಮೊದಲಿಗೆ ಸುಮ್ಮನಿದ್ದ. ಎರಡನೇ ಸಲ ಕೇಳಿದಾಗ ಬಾಯಿ ಬಿಟ್ಟ: "ಅಣ್ಣಾ, ಹಂಚಿಕೆ ಅಂತ ಗುರುತು ಹಾಕಿದ್ರ ಗಿರಾಕಿ ಇದು ಕಡಿಮೆ ದರ್ಜೆ ನೆಟ್ ಅಂತಾನ." ನಿಜವಾದ ತಕರಾರು ಅದು. ಆಗಲೇ ಕರಡಿನಲ್ಲಿ "ಕಡ್ಡಾಯ" ಅನ್ನೋ ಪದ ಹೊಡೆದು "ಬೇಕಿದ್ದವರು ಹಾಕಬಹುದು" ಅಂತ ಬರೆದೆವು.

ಕೂಟದಲ್ಲಿ ಆದ ಮಾತು ಬರೆದಿಡಲು ಒಬ್ಬರನ್ನು ನೇಮಿಸಿ. ಯಾರು ಒಪ್ಪಲಿಲ್ಲ, ಯಾಕೆ, ಅದಕ್ಕೆ ಏನು ಬದಲಿಸಿದೆವು, ಇಷ್ಟು ಸಾಕು. ಮುಂದೆ ಇದೇ ನಿಮ್ಮ ಬಂಡವಾಳ.

ಒಮ್ಮತ ಅಂದರೆ ಎಲ್ಲರೂ ಹೂಂ ಅನ್ನೋದಲ್ಲ

ಎಪಿನಿಕ್ ಕಾರ್ಯಕಾರಿ ಮಂಡಳಿಯ ಚುನಾವಣೆ ಬೇರೆ, ನೀತಿಯ ಒಮ್ಮತ ಬೇರೆ. ಚುನಾವಣೆಯಲ್ಲಿ ಜಾಸ್ತಿ ವಿಳಾಸ ಇರುವ ಸದಸ್ಯನಿಗೆ ಜಾಸ್ತಿ ಮತ. ನೀತಿಯ ಸಭೆಯಲ್ಲಿ ಆ ಲೆಕ್ಕ ಇಲ್ಲ. ಅಲ್ಲಿ ಅಧ್ಯಕ್ಷರು ನೋಡೋದು "ಸಾಮಾನ್ಯ ಒಪ್ಪಿಗೆ" ಇದೆಯಾ ಅಂತ. ಬಂದ ಆಕ್ಷೇಪ ಸಣ್ಣದಾ, ದೊಡ್ಡದಾ ಅಂತ ತೂಗುತ್ತಾರೆ. ಕೆಲವರಿಗೆ ಸ್ವಲ್ಪ ಅಡಚಣೆ ಆಗಬಹುದು ಅನ್ನೋದು ಸಣ್ಣದು, ತಿದ್ದಿದರೆ ಸರಿಹೋಗುತ್ತದೆ. ಒಂದು ವರ್ಗದ ಜನರಿಗೇ ಗಂಭೀರ ಪೆಟ್ಟು ಬೀಳುತ್ತದೆ, ದಾರಿಯೂ ಇಲ್ಲ ಅನ್ನೋದು ದೊಡ್ಡದು. ದೊಡ್ಡ ಆಕ್ಷೇಪ ಉತ್ತರ ಸಿಗದೆ ಉಳಿದರೆ ಪ್ರಸ್ತಾವ ನಿಂತ ಹಾಗೆಯೇ.

ಅಂದರೆ ನೂರು ಜನರಿಂದ "ನಮ್ಮ ಬೆಂಬಲವಿದೆ" ಅಂತ ಒಂದೇ ಸಾಲು ಬರೆಸಿದರೆ ಕೆಲಸ ಆಗಲ್ಲ. ಒಬ್ಬನ ಕಾರಣ ಸಹಿತ ಆಕ್ಷೇಪಕ್ಕೆ ನಿಮ್ಮ ಹತ್ತಿರ ಉತ್ತರ ಇರಬೇಕು. ಸಣ್ಣವರಾದ ನಮಗೆ ಇದು ದೊಡ್ಡ ಬಲ. ತಲೆ ಎಣಿಸುವ ಆಟವಾಗಿದ್ದರೆ ಲಕ್ಷಾಂತರ ವಿಳಾಸ ಇರುವ ಕಂಪನಿಗಳ ಮುಂದೆ ಸಿಂಧನೂರಿನ ಆಪರೇಟರ್ ಯಾವತ್ತೂ ನಿಲ್ಲಲಾರ.

ಪ್ರಸ್ತಾವ ಬರೆಯುವುದು

ಅದಕ್ಕೆ ಒಂದು ನಮೂನೆ ಇದೆ. ಸಮಸ್ಯೆ ಏನು, ಬದಲಾವಣೆಯ ಉದ್ದೇಶ ಏನು, ಬೇರೆ ವಲಯಗಳಲ್ಲಿ ಹೇಗಿದೆ, ನೀವು ಸೂಚಿಸುವ ನಿಯಮ ಯಾವುದು, ಲಾಭ ಮತ್ತು ನಷ್ಟ ಏನು, ಈಗ ವಿಳಾಸ ಇಟ್ಟುಕೊಂಡವರ ಮೇಲೆ ಪರಿಣಾಮ ಏನು. ಬರವಣಿಗೆ ಇಂಗ್ಲಿಷಿನಲ್ಲೇ ಇರಬೇಕು. ಆದರೆ ಮೊದಲ ಕರಡು ಕನ್ನಡದಲ್ಲಿ ಬರೆಯಿರಿ ಅಂತ ನನ್ನ ಸಲಹೆ. ಕನ್ನಡದಲ್ಲಿ ಎರಡು ಸಾಲಿನಲ್ಲಿ ಸಮಸ್ಯೆ ಹೇಳೋಕೆ ಬರದಿದ್ದರೆ ಅದು ನಮಗೇ ಇನ್ನೂ ಅರ್ಥವಾಗಿಲ್ಲ ಅಂತ.

ಹೆಚ್ಚಿನವರು "ಬೇರೆ ವಲಯ" ಮತ್ತು "ನಷ್ಟ" ಎರಡನ್ನೂ ಖಾಲಿ ಬಿಡುತ್ತಾರೆ, ಇಲ್ಲವೇ "ನಷ್ಟ ಇಲ್ಲ" ಅಂತ ಬರೆಯುತ್ತಾರೆ. ಅದನ್ನು ನೋಡಿದ ಕೂಡಲೇ ಅನುಭವಸ್ಥರಿಗೆ ಅನುಮಾನ ಬರುತ್ತದೆ. ಯುರೋಪಿನ ರೈಪ್, ಅಮೆರಿಕದ ಎರಿನ್, ಲ್ಯಾಟಿನ್ ಅಮೆರಿಕದ ಲ್ಯಾಕ್ನಿಕ್, ಆಫ್ರಿಕಾದ ಆಫ್ರಿನಿಕ್, ಇವುಗಳ ನಿಯಮ ಎಲ್ಲರಿಗೂ ಓದಲು ಸಿಗುತ್ತದೆ. ಕೂಟದ ಒಬ್ಬ ಹುಡುಗನಿಗೆ ಎರಡು ವಾರ ಅದನ್ನೇ ಓದುವ ಕೆಲಸ ಕೊಡಿ. ನಷ್ಟವನ್ನು ನೀವೇ ಮೊದಲು ಬರೆಯಿರಿ. ನಮ್ಮ ಕರಡಿನಲ್ಲಿ "ಗುರುತು ಹಾಕಿದವನು ಮುಂದೆ ಅದನ್ನು ತಿದ್ದದೆ ಬಿಟ್ಟರೆ ನೋಂದಣಿ ತಪ್ಪು ಹೇಳುತ್ತದೆ" ಅಂತ ನಾವೇ ಬರೆದಿದ್ದೇವೆ.

ನಿಯಮದ ಮಾತು ಚಿಕ್ಕದಿರಲಿ. ಒಂದು ಪ್ರಸ್ತಾವಕ್ಕೆ ಒಂದೇ ಬದಲಾವಣೆ.

ಒಪ್ಪದವರ ಮನೆಗೆ ಮೊದಲು ಹೋಗಿ

ಪ್ರಸ್ತಾವ ಸಭೆಗೆ ಕನಿಷ್ಠ ನಾಲ್ಕು ವಾರ ಮುಂಚೆ ಎಲ್ಲರ ಮುಂದೆ ಬರಬೇಕು. ನನ್ನ ಮಾತು ಕೇಳಿದರೆ ನಾಲ್ಕು ತಿಂಗಳು ಮುಂಚೆಯೇ ಕರಡು ಹಿಡಿದು ಓಡಾಡಿ. ಮೊದಲು ನಿಮಗೆ ಸಗಟಾಗಿ ನೆಟ್ ಕೊಡುವ ಅಪ್‌ಸ್ಟ್ರೀಮ್ ಕಂಪನಿಯ ನೆಟ್‌ವರ್ಕ್ ಎಂಜಿನಿಯರ್. ಆಮೇಲೆ ದೇಶದ ಇಂಟರ್ನೆಟ್ ಕಂಪನಿಗಳ, ಅಂದರೆ ಐಎಸ್‌ಪಿಗಳ ಸಂಘ, ಐರಿನ್ ಸಿಬ್ಬಂದಿ, ನೆಟ್‌ವರ್ಕ್ ಆಪರೇಟರ್‌ಗಳ ಕೂಟ ಇನಾಗ್. ಅಲ್ಲಿಂದ ನೇಪಾಳ, ಬಾಂಗ್ಲಾದೇಶದ ಆಪರೇಟರ್‌ಗಳು. ಅವರಲ್ಲೂ ಸಣ್ಣಸಣ್ಣ ಆಪರೇಟರ್‌ಗಳು ತುಂಬಾ ಇದ್ದಾರೆ, ನಮ್ಮ ಕಷ್ಟ ಬೇಗ ತಿಳಿಯುತ್ತದೆ.

ಒಪ್ಪುವವರನ್ನು ಕೂಡಿಸೋದಕ್ಕಿಂತ ಒಪ್ಪದವರ ಜೊತೆ ಒಂದು ತಾಸು ಕೂರೋದು ಹೆಚ್ಚು ಉಪಯೋಗ. ಅವರ ಆಕ್ಷೇಪವನ್ನು ನಿಮ್ಮ ಮಾತಿನಲ್ಲಿ ಬರೆದು, "ನೀವು ಹೇಳಿದ್ದು ಇದೇ ತಾನೇ?" ಅಂತ ವಾಪಸ್ ತೋರಿಸಿ. ಅವರು ಹೌದು ಅಂದ ಮೇಲೆ ಉತ್ತರ ಯೋಚಿಸಿ. ಒಮ್ಮೊಮ್ಮೆ ಮೂರು ಜನ ಮೂರು ಥರ ಹೇಳಿದ್ದು ಅಳಿಯ ಅಲ್ಲ ಮಗಳ ಗಂಡ ಅನ್ನೋ ಹಾಗೆ ಒಂದೇ ಆಗಿರುತ್ತದೆ. ಒಂದು ತಿದ್ದುಪಡಿಗೆ ಮೂವರೂ ಸಮಾಧಾನ ಆಗುತ್ತಾರೆ.

ತಿದ್ದಲು ನಾಚಿಕೆ ಬೇಡ. 103ರ ಕಣಜದ ವಿಳಾಸವನ್ನು ಮಾರಬಾರದು, ವರ್ಗಾವಣೆಯನ್ನೇ ನಿಷೇಧಿಸಬೇಕು ಎಂಬ 116ನೇ ಪ್ರಸ್ತಾವ ಆರನೇ ಆವೃತ್ತಿಯಲ್ಲಿ ದಡ ಸೇರಿತು. ಕೊನೆಗೆ 2017ರಲ್ಲಿ ಜಾರಿಯಾದಾಗ ಅದು ಪಡೆದ ದಿನದಿಂದ ಐದು ವರ್ಷ ವರ್ಗಾಯಿಸಬಾರದು ಎಂಬ ನಿಯಮವಾಗಿತ್ತು. ಶುರುವಿನ ಹಟ ಹಿಡಿದಿದ್ದರೆ ಆ ಐದು ವರ್ಷವೂ ಸಿಗುತ್ತಿರಲಿಲ್ಲ ಅನ್ನಿಸುತ್ತದೆ ನನಗೆ.

ಸಭೆಯ ದಿನ

ಎಪಿನಿಕ್ ಸಮ್ಮೇಳನ ವರ್ಷಕ್ಕೆ ಎರಡು. ಒಂದು ಫೆಬ್ರವರಿ-ಮಾರ್ಚ್ ಹೊತ್ತಿಗೆ, ಇನ್ನೊಂದು ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ. ಪ್ರತಿ ಸಲ ಬೇರೆ ಊರು. ಹೋಗಲು ಆಗದಿದ್ದರೆ ಇಲ್ಲಿಂದಲೇ ವಿಡಿಯೋದಲ್ಲಿ ಸೇರಬಹುದು. ಹೊಸಬರಿಗೆ ಫೆಲೋಶಿಪ್ ಕೂಡ ಇದೆ, ಅರ್ಜಿ ಹಾಕಿ. ವಿಡಿಯೋದಲ್ಲಿ ಸೇರುವವರು ಕರೆಂಟ್ ಬ್ಯಾಕಪ್ ನೋಡಿಕೊಳ್ಳಿ. ಎರಡನೇ ಸಮ್ಮೇಳನ ಬರುವ ಹೊತ್ತಿಗೆ ಇಲ್ಲಿ ಮಳೆ, ಗಣೇಶನ ಮೆರವಣಿಗೆ ಎರಡೂ ಇರುತ್ತವೆ. ಫೈಬರ್ ಕಟ್ ಆಗೋದೂ ಆಗಲೇ.

ನಿಮಗೆ ಸಿಗೋದು ಕೆಲವೇ ನಿಮಿಷ. ತಂತ್ರಜ್ಞಾನದ ಪಾಠ ಬೇಡ, ಅಲ್ಲಿರುವವರಿಗೆ ಅದೆಲ್ಲ ಗೊತ್ತು. 40 ಮನೆ, ಒಂದು ಪತ್ರ, ಮೂರು ತಿಂಗಳ ಲೆಕ್ಕ, ಅದನ್ನು ಹೇಳಿ. ಆಮೇಲೆ ಬಂದ ಆಕ್ಷೇಪಗಳನ್ನು ನೀವೇ ಪಟ್ಟಿ ಮಾಡಿ, ಪ್ರತಿಯೊಂದಕ್ಕೆ ಏನು ತಿದ್ದಿದಿರಿ ಹೇಳಿ. ಹೊಸ ಆಕ್ಷೇಪ ಎದ್ದರೆ ಅಲ್ಲೇ ವಾದಕ್ಕೆ ನಿಲ್ಲಬೇಡಿ. "ಸರಿ, ಇದನ್ನು ನಾವು ಯೋಚಿಸಿರಲಿಲ್ಲ" ಅಂದರೆ ಮಾನ ಹೋಗಲ್ಲ.

ನೀತಿಯ ಸಭೆಯಲ್ಲಿ ಒಮ್ಮತ ಆದರೆ ಅದು ಸದಸ್ಯರ ಸಭೆಗೆ ಹೋಗುತ್ತದೆ. ಅಲ್ಲೂ ಆದರೆ ಕನಿಷ್ಠ ನಾಲ್ಕು ವಾರ ಮೇಲಿಂಗ್ ಲಿಸ್ಟಿನಲ್ಲಿ (ಇಮೇಲ್ ಮೂಲಕ ಎಲ್ಲರೂ ಚರ್ಚಿಸುವ ಪಟ್ಟಿ) ಕೊನೆಯ ಅಭಿಪ್ರಾಯಕ್ಕೆ ಬಿಡುತ್ತಾರೆ. ಈ ನಾಲ್ಕು ವಾರ ಮೈಮರೆಯಬೇಡಿ. ಪಟ್ಟು ಬಿಡದ ದೊಡ್ಡ ಆಕ್ಷೇಪ ಬರದಿದ್ದರೆ ಒಮ್ಮತ ಉಳಿದಿದೆ ಅಂತಲೇ ಲೆಕ್ಕ. ಬಂದರೆ ಅದೇ ದಿನ ಉತ್ತರ ಹೋಗಬೇಕು. ಆಮೇಲೆ ಕಾರ್ಯಕಾರಿ ಮಂಡಳಿಯ ಒಪ್ಪಿಗೆ, ಆಮೇಲೆ ಜಾರಿ. ಒಮ್ಮತ ಆಗದಿದ್ದರೆ ಪ್ರಸ್ತಾವ ವಾಪಸ್ ನಿಮ್ಮ ಕೈಗೆ ಬರುತ್ತದೆ. ತಿದ್ದಿ ಮತ್ತೆ ಇಡಬಹುದು, ಬಿಟ್ಟೂಬಿಡಬಹುದು.

ನಮ್ಮದು ಇನ್ನೂ ಅಲ್ಲಿಗೆ ಹೋಗಿಲ್ಲ. ಕರಡು ಮೂರನೇ ಸಲ ತಿದ್ದಿದ್ದೇವೆ. ದೊಡ್ಡ ಕಂಪನಿಯ ಒಬ್ಬ ಎಂಜಿನಿಯರ್ ಎತ್ತಿದ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ: ಹಂಚಿಕೆಯ ಗುರುತು ನೋಡಿದ ಸೈಟುಗಳು ಆ ವಿಳಾಸವನ್ನು ಇನ್ನೂ ಜಾಸ್ತಿ ಅನುಮಾನದಿಂದ ನೋಡಿದರೆ? ಮುಂದಿನ ಭಾನುವಾರ ಅದೇ ಖಾನಾವಳಿಯಲ್ಲಿ ಕೂರುತ್ತಿದ್ದೇವೆ. ಈ ಸಲ ಕೊಪ್ಪಳ ಮತ್ತು ಸಿರಗುಪ್ಪದಿಂದಲೂ ಇಬ್ಬರು ಬರುತ್ತೇವೆ ಅಂದಿದ್ದಾರೆ. ಬರುವವರು ತಮ್ಮ ದೂರಿನ ಪುಸ್ತಕ ತರಬೇಕು ಅಂತ ಹೇಳಿದ್ದೇನೆ.